ವಿಳಾಸವಿದೆ, ಮನೆ ಎಲ್ಲಿದೆ?

ನನ್ನ ಮೇಜಿನ ಮೇಲೆ ಮೂರು ಕಾಗದಗಳಿವೆ: ಆಸ್ತಿ ತೆರಿಗೆಯ ರಸೀದಿ, ನೀರಿನ ಬಿಲ್ಲು ಮತ್ತು ವಿದ್ಯುತ್ ಬಿಲ್ಲು. ಮೂರೂ ನಾನು ಇಪ್ಪತ್ತು ವರ್ಷಗಳಿಂದ ವಾಸವಾಗಿರುವ ಒಂದೇ ಮನೆಗೆ ಸಂಬಂಧಿಸಿದವು. ಆದರೆ ಮೂರರಲ್ಲಿಯೂ ವಿಳಾಸ ಬೇರೆ ಬೇರೆ. ಒಂದರಲ್ಲಿ ಬಡಾವಣೆ ರಚನೆಯಾದಾಗ ಕೊಟ್ಟ ನಿವೇಶನ ಸಂಖ್ಯೆ ಇದೆ. ಇನ್ನೊಂದರಲ್ಲಿ ಆನಂತರ ಬಂದ ಬಾಗಿಲ ಸಂಖ್ಯೆ. ಮೂರನೆಯದರಲ್ಲಿ ‘ಹಳೆ ನಂಬರ್’, ‘ಹೊಸ ನಂಬರ್’ ಎರಡೂ ಇದ್ದು ಅಡ್ಡರಸ್ತೆಯ ಸಂಖ್ಯೆ ಬಿಟ್ಟುಹೋಗಿದೆ. ಬಿಲ್ಲು ತಂದುಕೊಡುವವರು ಈ ಮನೆಯನ್ನು ಬಲ್ಲರು. ಆದ್ದರಿಂದ ಇಷ್ಟು ವರ್ಷ ಯಾವ ತೊಂದರೆಯೂ ಆಗಿಲ್ಲ. ತೊಂದರೆಯಾಗುವುದು ಮನೆಯನ್ನು ಅರಿಯದವರು ಬರಬೇಕಾದಾಗ.

ಕೆಲವು ವರ್ಷಗಳ ಹಿಂದೆ, ಒಂದು ರಾತ್ರಿ, ನಮ್ಮ ಎದುರು ಮನೆಯ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸಿಗೆ ಕರೆ ಮಾಡಿ ವಿಳಾಸವನ್ನು ಎರಡೆರಡು ಬಾರಿ ಹೇಳಿದೆವು. ಆದರೂ ವಾಹನ ಮೊದಲು ಹೋದದ್ದು ಪಕ್ಕದ ಬಡಾವಣೆಯ ಅದೇ ಸಂಖ್ಯೆಯ ಅಡ್ಡರಸ್ತೆಗೆ. ಟಾರ್ಚ್ ಹಿಡಿದು ಮುಖ್ಯರಸ್ತೆಯ ತುದಿಯಲ್ಲಿ ನಿಂತಿದ್ದ ನನಗೆ ಅದು ಕಣ್ಣಿಗೆ ಬಿದ್ದದ್ದು ಇಪ್ಪತ್ತು ನಿಮಿಷ ತಡವಾಗಿ. ಹಿರಿಯರು ಬದುಕಿಕೊಂಡರು. ಆದರೆ ಹೃದಯದ ಸ್ನಾಯುವಿಗೆ ಆದ ಹಾನಿ ಉಳಿಯಿತು. ಆ ಚಾಲಕನನ್ನು ದೂರುವಂತಿಲ್ಲ. ಅವನ ಕೈಯಲ್ಲಿ ನಕ್ಷೆಯಿರುವ ಮೊಬೈಲ್ ಇತ್ತು, ನಕ್ಷೆಯೂ ತಪ್ಪಾಗಿರಲಿಲ್ಲ. ತಪ್ಪಿದ್ದು ವಿಳಾಸದಿಂದ ನಕ್ಷೆಗೆ ದಾಟುವ ನಡುವಿನ ಹೆಜ್ಜೆ.

ಆ ಹೆಜ್ಜೆಗೆ ತಂತ್ರಜ್ಞರು ‘ಜಿಯೋಕೋಡಿಂಗ್’ ಎನ್ನುತ್ತಾರೆ. ಮಾತಿನಲ್ಲಿರುವ ವಿಳಾಸವನ್ನು ಅಕ್ಷಾಂಶ, ರೇಖಾಂಶಗಳಾಗಿ ಪರಿವರ್ತಿಸುವುದೇ ಅದರ ಕೆಲಸ. ಇದನ್ನು ಮಾಡುವ ತಂತ್ರಾಂಶ ಇಂದು ಯಾರೊಬ್ಬರ ಗುಟ್ಟೂ ಅಲ್ಲ. ಒಮ್ಮೆ ಬರೆದಿಟ್ಟು, ಬೇಕಾದವರೆಲ್ಲ ತಮ್ಮ ತಮ್ಮ ತಂತ್ರಾಂಶಗಳಲ್ಲಿ ಸೇರಿಸಿಕೊಳ್ಳಬಹುದಾದ ಸಿದ್ಧ ಸಂಕೇತಗಳ ಕಟ್ಟಿಗೆ ಆ ವೃತ್ತಿಯವರು ‘ಲೈಬ್ರರಿ’ ಎನ್ನುತ್ತಾರೆ. ಜಿಯೋಕೋಡಿಂಗಿಗೂ ಅಂಥ ಲೈಬ್ರರಿಗಳಿವೆ ಮತ್ತು ಅವುಗಳಲ್ಲಿ ಹಲವು ಯಾವ ಶುಲ್ಕವೂ ಇಲ್ಲದೆ ದೊರೆಯುತ್ತವೆ. ವಿಳಾಸವನ್ನು ಬಿಡಿಭಾಗಗಳಾಗಿ ಒಡೆಯುವ ‘ಲಿಬ್‌ಪೋಸ್ಟಲ್’, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಸ್ಥಳ ಹುಡುಕುವ ‘ನಾಮಿನಟಿಮ್’, ‘ಪೋಸ್ಟ್‌ಜಿಐಎಸ್’ ಜೊತೆಗೆ ಬರುವ ‘ಟೈಗರ್ ಜಿಯೋಕೋಡರ್’ ಇವು ಕೆಲವು ಉದಾಹರಣೆಗಳು.

ಇವೆಲ್ಲದರ ಒಳಗೆ ನಡೆಯುವುದು ಹೆಚ್ಚು ಕಡಿಮೆ ಒಂದೇ ಬಗೆಯ ಕೆಲಸ. ಮೊದಲು ವಿಳಾಸದ ಸಾಲನ್ನು ಬಾಗಿಲ ಸಂಖ್ಯೆ, ಬೀದಿ, ಬಡಾವಣೆ, ಊರು, ಪಿನ್‌ಕೋಡ್ ಎಂದು ವಿಂಗಡಿಸಬೇಕು. ಆಮೇಲೆ ಬೇರೆ ಬೇರೆ ರೂಪಗಳನ್ನು ಒಂದಕ್ಕೆ ಇಳಿಸಬೇಕು: ‘ಕ್ರಾಸ್’, ‘ಅಡ್ಡರಸ್ತೆ’ ಎರಡೂ ಒಂದೇ, 2014ರ ನವೆಂಬರ್ 1ರ ನಂತರ ಗುಲ್ಬರ್ಗವೇ ಕಲಬುರಗಿ, ಬೆಳಗಾಂ ಎಂದರೆ ಬೆಳಗಾವಿ. ಮೂರನೆಯದಾಗಿ, ಹೀಗೆ ಶುದ್ಧಗೊಂಡ ವಿಳಾಸವನ್ನು ಒಂದು ಪಟ್ಟಿಯೊಂದಿಗೆ ತಾಳೆ ನೋಡಬೇಕು. ಕೊನೆಗೆ ಸ್ಥಳವನ್ನೂ, ಆ ಉತ್ತರ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನೂ ತಿಳಿಸಬೇಕು. ಮೊದಲ ಎರಡು ಹೆಜ್ಜೆಗಳನ್ನು ಯಾವ ಊರಿನ ಜಾಣ ಹುಡುಗರಾದರೂ ಬರೆಯಬಲ್ಲರು. ಮೂರನೆಯ ಹೆಜ್ಜೆಯಲ್ಲಿ ಬೇಕಾಗುವ ಪಟ್ಟಿಯನ್ನು ಮಾತ್ರ ಯಾವ ಜಾಣತನವೂ ಹುಟ್ಟಿಸಲಾರದು. ಅದು ಎಲ್ಲಿಂದ ಬರಬೇಕು, ಯಾರ ಬಳಿ ಇರಬೇಕು, ಅದಕ್ಕೆ ಬೆಲೆ ಇರಬೇಕೇ ಎಂಬುದೇ ನಿಜವಾದ ಪ್ರಶ್ನೆ. ಅದು ತಂತ್ರಜ್ಞಾನದ ಪ್ರಶ್ನೆಯಲ್ಲ. ಆಡಳಿತದ ಮತ್ತು ಅರ್ಥಶಾಸ್ತ್ರದ ಪ್ರಶ್ನೆ.

ಈ ಪ್ರಶ್ನೆಗೆ ಅಮೆರಿಕ ಕಂಡುಕೊಂಡ ಉತ್ತರ ಗಮನಾರ್ಹವಾದುದು. ಅಲ್ಲಿನ ಜನಗಣತಿ ಇಲಾಖೆ 1970ರ ಗಣತಿಯ ಸಂದರ್ಭದಲ್ಲಿ ‘ಡೈಮ್’ ಎಂಬ ಬೀದಿ ಕಡತಗಳನ್ನು ಸಿದ್ಧಪಡಿಸಿತು. 1990ರ ಗಣತಿಗಾಗಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೊಂದಿಗೆ ಸೇರಿ ಇಡೀ ದೇಶಕ್ಕೆ ಅನ್ವಯಿಸುವ ‘ಟೈಗರ್’ ದತ್ತಾಂಶವನ್ನು ರೂಪಿಸಿತು. ಕೇಂದ್ರ ಸರ್ಕಾರ ಸಿದ್ಧಪಡಿಸಿದ ಕೃತಿಗೆ ಆ ದೇಶದೊಳಗೆ ಹಕ್ಕುಸ್ವಾಮ್ಯವಿಲ್ಲವಾದ್ದರಿಂದ ಅದು ಸಾರ್ವಜನಿಕರ ಸ್ವತ್ತಾಯಿತು. ವಿದ್ಯಾರ್ಥಿ, ವ್ಯಾಪಾರಿ, ಆಸ್ಪತ್ರೆ, ಅಗ್ನಿಶಾಮಕ ದಳ ಎಲ್ಲರೂ ಅದನ್ನು ಬಳಸಿದರು. ಉಚಿತ ಜಿಯೋಕೋಡಿಂಗ್ ಲೈಬ್ರರಿಗಳು ಹುಟ್ಟಿದ್ದೂ ಈ ಉಚಿತ ಪಟ್ಟಿಯ ಬಲದ ಮೇಲೆಯೇ. 2007 ಮತ್ತು 2008ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತನ್ನ ಅಮೆರಿಕದ ನಕ್ಷೆಯನ್ನು ಭರ್ತಿ ಮಾಡಿಕೊಂಡದ್ದು ಇದರಿಂದಲೇ.

ಟೈಗರ್ ಕಡತಗಳ ಇನ್ನೊಂದು ಗುಣ ನಮಗೆ ಪಾಠವಾಗಬೇಕು. ಗಣತಿ ಇಲಾಖೆಯ ಬಳಿ ಪ್ರತಿಯೊಂದು ಮನೆಯ ವಿಳಾಸದ ಮೂಲ ಪಟ್ಟಿಯೂ ಇದೆ. ಆದರೆ ಕಾನೂನಿನ ಪ್ರಕಾರ ಅದು ಗೋಪ್ಯ. ಆದ್ದರಿಂದ ಟೈಗರ್ ಕಡತದಲ್ಲಿ ಮನೆಗಳಿಲ್ಲ, ಬೀದಿಗಳಿವೆ. ಒಂದು ಬೀದಿಯ ಎರಡು ತಿರುವುಗಳ ನಡುವಿನ ತುಂಡಿನಲ್ಲಿ ಒಂದು ಬದಿಗೆ 101ರಿಂದ 199ರವರೆಗಿನ ಬೆಸ ಸಂಖ್ಯೆಗಳು, ಎದುರು ಬದಿಗೆ 100ರಿಂದ 198ರವರೆಗಿನ ಸಮ ಸಂಖ್ಯೆಗಳು ಎಂದಷ್ಟೇ ಅದು ಹೇಳುತ್ತದೆ. 149 ಎಲ್ಲಿದೆ ಎಂದು ಕೇಳಿದರೆ ಲೈಬ್ರರಿ ಲೆಕ್ಕ ಹಾಕಿ, ತುಂಡಿನ ನಡುಭಾಗದಲ್ಲಿ ಬೆಸ ಸಂಖ್ಯೆಗಳ ಬದಿಗೆ ಬೆರಳು ತೋರಿಸುತ್ತದೆ. ಉತ್ತರ ಹತ್ತಿಪ್ಪತ್ತು ಗಜ ಆಚೀಚೆ ಇರಬಹುದು. ಆಂಬುಲೆನ್ಸಿಗೆ ಅಷ್ಟು ಸಾಕು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಗುಟ್ಟೂ ಹೊರಬೀಳುವುದಿಲ್ಲ. ದತ್ತಾಂಶವನ್ನು ಮುಕ್ತಗೊಳಿಸಿದರೆ ಖಾಸಗಿತನಕ್ಕೆ ಭಂಗ ಎನ್ನುವವರು ಈ ನಡುದಾರಿಯನ್ನು ಒಮ್ಮೆ ನೋಡಬೇಕು.

ಯೂರೋಪಿನ ಎರಡು ದೇಶಗಳು ವಿರುದ್ಧ ದಾರಿಗಳನ್ನು ಹಿಡಿದವು. ಡೆನ್ಮಾರ್ಕ್ 2002ರಲ್ಲಿ ತನ್ನ ಅಧಿಕೃತ ವಿಳಾಸ ಪಟ್ಟಿಯನ್ನು ಎಲ್ಲರಿಗೂ ಮುಕ್ತಗೊಳಿಸಿತು. ವಿಳಾಸ ನೀಡುವ ಹೊಣೆ ಪುರಸಭೆಗಳದ್ದು. ಪಟ್ಟಿ ಮಾರಿ ಅವು ಗಳಿಸುತ್ತಿದ್ದ ಆದಾಯಕ್ಕೆ ಪರಿಹಾರ ಕೊಡಲಾಯಿತು. 2010ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಇದರ ಲಾಭ ನಷ್ಟವನ್ನು ಅಂದಾಜು ಮಾಡಿತು. 2005ರಿಂದ 2009ರವರೆಗಿನ ಐದು ವರ್ಷಗಳಲ್ಲಿ ದೇಶಕ್ಕಾದ ನೇರ ಲಾಭ ಸುಮಾರು 6.2 ಕೋಟಿ ಯೂರೋ. ಅದುವರೆಗಿನ ಒಟ್ಟು ವೆಚ್ಚ ಸುಮಾರು 20 ಲಕ್ಷ ಯೂರೋ. ಇಂಥ ಅಂದಾಜುಗಳನ್ನು ಅರ್ಧಕ್ಕೆ ಇಳಿಸಿ ಓದುವುದು ನನ್ನ ಅಭ್ಯಾಸ. ಅರ್ಧಕ್ಕೆ ಇಳಿಸಿದರೂ ಒಂದಕ್ಕೆ ಹದಿನೈದು ಪಾಲು ಲಾಭ ಉಳಿಯುತ್ತದೆ. ನನ್ನ ಸೇವಾವಧಿಯಲ್ಲಿ ಅಂಥ ಪ್ರತಿಫಲ ಕೊಟ್ಟ ಯೋಜನೆಯನ್ನು ನಾನು ಕಂಡಿಲ್ಲ.

ಬ್ರಿಟನ್ ಇದಕ್ಕೆ ತದ್ವಿರುದ್ಧ. ಅಲ್ಲಿನ ಅಂಚೆ ವಿಳಾಸಗಳ ಕಡತ ರಾಯಲ್ ಮೇಲ್ ಸಂಸ್ಥೆಯ ವಶದಲ್ಲಿತ್ತು. 2013ರಲ್ಲಿ ಆ ಸಂಸ್ಥೆಯನ್ನು ಖಾಸಗೀಕರಣಗೊಳಿಸಿದಾಗ ಜನರ ಹಣದಿಂದ ಬೆಳೆದಿದ್ದ ಈ ಕಡತವೂ ಅದರ ಜೊತೆಗೇ ಮಾರಾಟವಾಯಿತು. ಮರುವರ್ಷವೇ ಸಂಸತ್ತಿನ ಸಮಿತಿಯೊಂದು ಅದು ತಪ್ಪು ನಿರ್ಧಾರವೆಂದು ವರದಿ ಮಾಡಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ವಸ್ತು ವಿಳಾಸ ಪಟ್ಟಿ. ಅದನ್ನು ಕಟ್ಟಲು ಖರ್ಚಿದೆ. ಕಟ್ಟಿದ ಮೇಲೆ ಇನ್ನೊಬ್ಬನಿಗೆ ಪ್ರತಿ ಕೊಡಲು ಖರ್ಚಿಲ್ಲ. ಇಂಥ ವಸ್ತುವಿಗೆ ಬೆಲೆ ಕಟ್ಟಿದರೆ ಬರುವ ಆದಾಯಕ್ಕಿಂತ, ಬಳಸಲಾಗದೆ ಹೋದವರಿಂದ ಸಮಾಜಕ್ಕಾಗುವ ನಷ್ಟವೇ ದೊಡ್ಡದು. ಬೀದಿ ದೀಪಕ್ಕೆ ದಾರಿಹೋಕರಿಂದ ನಾವು ಹಣ ವಸೂಲಿ ಮಾಡುವುದಿಲ್ಲ. ಬೀದಿಯ ಹೆಸರಿಗೂ ಮನೆಯ ಸಂಖ್ಯೆಗೂ ಮಾಡಬಾರದು.

ಈಗ ನಮ್ಮ ಬೆಂಗಳೂರಿನ ಪರಿಸ್ಥಿತಿಯನ್ನು ನೋಡೋಣ. ಇಲ್ಲಿ ಸುಮಾರಾಗಿ ಪ್ರತಿ ಬಡಾವಣೆಗೂ ತನ್ನದೇ ಒಂದನೇ ಮುಖ್ಯರಸ್ತೆ, ತನ್ನದೇ ಎರಡನೇ ಅಡ್ಡರಸ್ತೆ ಇದೆ. ಕೆಲವು ಬಡಾವಣೆಗಳಲ್ಲಿ ಬ್ಲಾಕುಗಳು, ಕೆಲವು ಕಡೆ ಹಂತಗಳು, ಇನ್ನು ಕೆಲವು ಕಡೆ ಸೆಕ್ಟರುಗಳು. ನಿವೇಶನದ ಸಂಖ್ಯೆ ಬಡಾವಣೆಯ ಮೂಲ ನಕ್ಷೆಯನ್ನು ಅನುಸರಿಸುತ್ತದೆಯೇ ಹೊರತು ಬೀದಿಯ ಕ್ರಮವನ್ನಲ್ಲ. ಒಂದು ನಿವೇಶನ ಎರಡಾದರೆ 12/1, 12/ಎ ಎಂಬ ಸಂತಾನ ಹುಟ್ಟುತ್ತದೆ. ಹಳ್ಳಿಗಳು ನಗರದೊಳಗೆ ಸೇರಿದ ಕಡೆ ಸರ್ವೆ ನಂಬರು, ಖಾತೆ ನಂಬರುಗಳೇ ವಿಳಾಸ. ಇವೆಲ್ಲ ಸಾಲದೆಂದು ‘ಗಣೇಶನ ದೇವಸ್ಥಾನದ ಹಿಂಭಾಗ’, ‘ಹಳೇ ಟೆಂಟ್ ಸಿನಿಮಾ ಹತ್ತಿರ’. ಟೆಂಟು ಕಿತ್ತು ಎಷ್ಟೋ ವರ್ಷಗಳಾಗಿದ್ದರೂ ವಿಳಾಸದಲ್ಲಿ ಅದು ಇನ್ನೂ ನಿಂತಿದೆ. ಸಂಖ್ಯೆಯ ಕ್ರಮವನ್ನು ನಂಬಿ ಲೆಕ್ಕ ಹಾಕುವ ಅಮೆರಿಕದ ವಿಧಾನ ಇಂಥ ಕಡೆ ನೇರವಾಗಿ ನಡೆಯದು.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಜಪಾನಿನಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಅಲ್ಲಿನ ವಿಳಾಸ ಊರಿನ ಭಾಗ, ಬ್ಲಾಕು, ಬ್ಲಾಕಿನೊಳಗಿನ ಸಂಖ್ಯೆ ಎಂದು ಸಾಗುತ್ತದೆ. ಹಳೆಯ ಪ್ರದೇಶಗಳಲ್ಲಿ ಆ ಸಂಖ್ಯೆಗಳಿಗೂ ಕ್ರಮವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಸ್ಥಾಪನೆಯಾದ ಅಲ್ಲಿನ ಡಿಜಿಟಲ್ ಏಜೆನ್ಸಿ ದೇಶದ ವಿಳಾಸಗಳ ಮೂಲ ದಾಖಲೆಯನ್ನು ಪ್ರಕಟಿಸಿದ್ದಲ್ಲದೆ, ಅದನ್ನು ಬಳಸಿ ಜಿಯೋಕೋಡಿಂಗ್ ಮಾಡುವ ತಂತ್ರಾಂಶವನ್ನೂ ಮೂಲ ಸಂಕೇತಸಹಿತ ಉಚಿತವಾಗಿ ಕೊಟ್ಟಿದೆ. ಕ್ರಮವಿಲ್ಲದ ಸಂಖ್ಯೆಗಳಿಗೆ ಮದ್ದು ಲೆಕ್ಕಾಚಾರವಲ್ಲ, ಪೂರ್ಣವಾದ ಪಟ್ಟಿ. ನಮಗೆ ಹೊಂದುವುದೂ ಅದೇ.

ಖಾಸಗಿ ನಕ್ಷೆಗಳಿವೆಯಲ್ಲ, ಸರ್ಕಾರ ಏಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಖಾಸಗಿ ನಕ್ಷೆಗಳಿಂದ ಆಗಿರುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ, ಪ್ರತಿದಿನ ಬಳಸುತ್ತೇನೆ. ಆದರೆ ಅವುಗಳ ಬೆಲೆಯೂ ಷರತ್ತೂ ಅವರ ಇಚ್ಛೆಗೆ ಬಿಟ್ಟದ್ದು. ಗೂಗಲ್ ಸಂಸ್ಥೆ 2018ರಲ್ಲಿ ತನ್ನ ನಕ್ಷೆ ಸೇವೆಯ ದರ ಪದ್ಧತಿಯನ್ನು ಬದಲಿಸಿದಾಗ ಸಣ್ಣ ಉದ್ಯಮಗಳಿಗೆ ಹೊರೆ ಹೆಚ್ಚಿತು. 2024ರ ಆಗಸ್ಟಿನಿಂದ ಅದೇ ಸಂಸ್ಥೆ ಭಾರತದಲ್ಲಿ ದರವನ್ನು ಶೇ 70ರವರೆಗೆ ಇಳಿಸಿತು. ಇಳಿಸಬಲ್ಲವರು ಏರಿಸಲೂ ಬಲ್ಲರು. ಇದಲ್ಲದೆ ಇಂಥ ಸೇವೆಗಳು ಸಾಮಾನ್ಯವಾಗಿ ಕೊಟ್ಟ ಉತ್ತರವನ್ನು ಶಾಶ್ವತವಾಗಿ ಉಳಿಸಿಕೊಳ್ಳಲು ಬಿಡುವುದಿಲ್ಲ. ರೋಗದ ಹರಡುವಿಕೆಯನ್ನು ಹಲವು ವರ್ಷಗಳ ಕಾಲ ಅಧ್ಯಯನ ಮಾಡಬೇಕಾದ ಆರೋಗ್ಯ ಇಲಾಖೆಗೆ ಈ ಷರತ್ತು ಹೊಂದುವುದಿಲ್ಲ.

ರೋಗದ ಮಾತು ಬಂದಿತು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಮರಣ ದಾಖಲೆಗಳಿಂದ ಸತ್ತವರ ವಿಳಾಸಗಳನ್ನು ಪಡೆದು, ನಕ್ಷೆಯಲ್ಲಿ ಗುರುತು ಹಾಕಿದ. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದವು. ಕೈಯಿಂದ ಮಾಡಿದ ಆ ಕೆಲಸವೂ ಜಿಯೋಕೋಡಿಂಗೇ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಪ್ರಯೋಗಾಲಯದ ಪ್ರತಿ ವರದಿಯ ಮೇಲೂ ರೋಗಿಯ ವಿಳಾಸವಿರುತ್ತದೆ. ಆ ವಿಳಾಸಗಳು ಅದೇ ದಿನ ನಕ್ಷೆಯ ಮೇಲೆ ಚುಕ್ಕೆಗಳಾದರೆ ಯಾವ ಬೀದಿಯ ನೀರಿನ ತೊಟ್ಟಿಗಳನ್ನು ಮೊದಲು ನೋಡಬೇಕೆಂಬುದು ಆರೋಗ್ಯ ನಿರೀಕ್ಷಕರಿಗೆ ತಿಳಿಯುತ್ತದೆ. ಆಗದಿದ್ದರೆ ಅವು ಕಡತದಲ್ಲಿ ಸಾಲುಗಳಾಗಿಯೇ ಉಳಿಯುತ್ತವೆ.

ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎಂದರೆ ಅನ್ಯಾಯವಾದೀತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಇಂದಿಗೂ ನಮ್ಮ ವಿಳಾಸಗಳ ಅತಿ ನಂಬಲರ್ಹ ಭಾಗ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿದ್ದ ಪೂರ್ವಾನುಮತಿಯ ಕಟ್ಟಳೆಗಳನ್ನು ಸಡಿಲಿಸಿತು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ಪ್ರಕಟಿಸಿತು. ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರಾಂಕಗಳ ಸಂಕೇತ ಕೊಡುವ ಈ ಪದ್ಧತಿಯ ಮೂಲ ಸಂಕೇತವನ್ನೂ ಇಲಾಖೆ ಮುಕ್ತಗೊಳಿಸಿದೆ. ಇದು ಸ್ವಾಗತಾರ್ಹ. ಆದರೆ ಡಿಜಿಪಿನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಿರಬೇಕು. ಅದು ಸ್ಥಳಕ್ಕೆ ಕೊಟ್ಟ ಹೆಸರು. ಸ್ಥಳ ಗೊತ್ತಿದ್ದರೆ ಸಂಕೇತ ಸಿಗುತ್ತದೆ. ಆದರೆ ಜನನ ಪತ್ರದಿಂದ ಹಿಡಿದು ಪಿಂಚಣಿ ಪತ್ರದವರೆಗೆ ಕೋಟ್ಯಂತರ ದಾಖಲೆಗಳಲ್ಲಿರುವ ಮಾತಿನ ವಿಳಾಸವನ್ನು ಸ್ಥಳಕ್ಕೆ ಜೋಡಿಸುವ ಕೊಂಡಿ ಅದರಲ್ಲಿಲ್ಲ. ಎದೆನೋವಿನ ಹೊತ್ತಿನಲ್ಲಿ ಹತ್ತು ಅಕ್ಷರಾಂಕಗಳು ಯಾರ ಬಾಯಿಗೂ ಬಾರವು. ‘ಮೂರನೇ ಅಡ್ಡರಸ್ತೆ’ ಎಂಬ ಮಾತೇ ಬರುತ್ತದೆ.

ಆ ಕೊಂಡಿಯನ್ನು ಕಟ್ಟುವ ಸಾಮಗ್ರಿ ನಮ್ಮ ರಾಜ್ಯದಲ್ಲಿಲ್ಲವೇ? ಧಾರಾಳವಾಗಿದೆ. 2000ದ ಸುಮಾರಿಗೇ ‘ಭೂಮಿ’ ಯೋಜನೆಯ ಮೂಲಕ ರೈತರ ಪಹಣಿಗಳನ್ನು ಗಣಕೀಕರಿಸಿದ ರಾಜ್ಯ ನಮ್ಮದು. ಹೊಲದ ಸರ್ವೆ ನಂಬರನ್ನು ನಕ್ಷೆಯಲ್ಲಿ ತೋರಿಸುವ ‘ದಿಶಾಂಕ್’ ಇಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ವಿದ್ಯುತ್ ಮೀಟರುಗಳ ಆಧಾರದ ಮೇಲೆ ಮನೆಗಳ ಸ್ಥಾನವನ್ನು ಗುರುತಿಸಿ, ಬಾಗಿಲುಗಳಿಗೆ ಚೀಟಿ ಅಂಟಿಸಲಾಯಿತು. ಹೊಲ ಎಲ್ಲಿದೆ ಎಂದು ಹೇಳಬಲ್ಲ ಸರ್ಕಾರ ಮನೆ ಎಲ್ಲಿದೆ ಎಂದು ಹೇಳಲಾರದೇ? ಕೊರತೆ ಇರುವುದು ದತ್ತಾಂಶದಲ್ಲಲ್ಲ. ಪ್ರತಿ ಇಲಾಖೆಯೂ ತನ್ನ ಪಟ್ಟಿಯನ್ನು ತನ್ನ ಬೀರುವಿನಲ್ಲಿ ಇಟ್ಟು ಬೀಗ ಹಾಕಿಕೊಂಡಿರುವುದರಲ್ಲಿ.

ಆ ಬೀಗದ ಕೈ ಒಂದು ಕಾಲಕ್ಕೆ ನನ್ನ ಕೈಯಲ್ಲೂ ಇತ್ತು. ಸೇವೆಯಲ್ಲಿದ್ದಾಗ ಇಬ್ಬರು ಯುವ ಎಂಜಿನಿಯರುಗಳು ನನ್ನ ಕಚೇರಿಗೆ ಬಂದು ಒಂದು ಊರಿನ ಬಾಗಿಲ ಸಂಖ್ಯೆಗಳ ಪಟ್ಟಿಯನ್ನು ಕೇಳಿದರು. ಮಾಲೀಕರ ಹೆಸರು ಬೇಡ, ತೆರಿಗೆಯ ವಿವರ ಬೇಡ, ಬೀದಿ ಮತ್ತು ಸಂಖ್ಯೆ ಸಾಕು, ಉಚಿತ ತಂತ್ರಾಂಶವೊಂದನ್ನು ಮಾಡಿ ಊರಿಗೇ ಕೊಡುತ್ತೇವೆ ಎಂದರು. ಕೊಡಬಾರದು ಎನ್ನುವ ನಿಯಮವಿರಲಿಲ್ಲ. ಕೊಡಬೇಕು ಎನ್ನುವ ನಿಯಮವೂ ಇರಲಿಲ್ಲ. ಮನವಿಯ ಅಂಚಿನಲ್ಲಿ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದೆ. ಕಚೇರಿ ಭಾಷೆ ಬಲ್ಲವರಿಗೆ ಅದರ ಅರ್ಥ ಗೊತ್ತು. ಆ ಹುಡುಗರು ಎರಡು ಬಾರಿ ಬಂದು ವಿಚಾರಿಸಿದರು. ಮೂರನೆಯ ಬಾರಿ ಬರಲಿಲ್ಲ. ಟಾರ್ಚ್ ಹಿಡಿದು ನಿಂತ ಆ ರಾತ್ರಿ ನನಗೆ ಅವರ ನೆನಪಾಯಿತು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದು, ವಿಳಾಸ ನೀಡುವ ಅಧಿಕಾರವೂ ಹೊಣೆಯೂ ಕಾನೂನಿನ ಮೂಲಕ ಸ್ಥಳೀಯ ಸಂಸ್ಥೆಯೊಂದಕ್ಕೇ ಸೇರಬೇಕು. ಮಿಕ್ಕ ಇಲಾಖೆಗಳು ಅದನ್ನೇ ಬಳಸಬೇಕು. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಬಾಗಿಲ ಸಂಖ್ಯೆಯನ್ನೂ ಕೊಡಬೇಕು. ಎರಡನೆಯದು, ಬಾಗಿಲ ಸಂಖ್ಯೆ, ಬೀದಿ, ಬಡಾವಣೆ, ಪಿನ್‌ಕೋಡ್, ಸ್ಥಾನ ಇಷ್ಟನ್ನೇ ಒಳಗೊಂಡ ಪಟ್ಟಿಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪ್ರತಿ ತಿಂಗಳು ಮುಕ್ತವಾಗಿ ಪ್ರಕಟಿಸಬೇಕು. ಹಳೆಯ ಸಂಖ್ಯೆ, ಹಳೆಯ ಹೆಸರು, ಜನರ ಬಾಯಲ್ಲಿರುವ ಹೆಸರುಗಳನ್ನು ಅಳಿಸದೆ ಪರ್ಯಾಯ ರೂಪಗಳಾಗಿ ಉಳಿಸಬೇಕು. ಮೂರನೆಯದು, ತಪ್ಪನ್ನು ತಿದ್ದುವ ಸುಲಭ ದಾರಿ ಇರಬೇಕು. ಅದರಲ್ಲಿ ಅಂಚೆಯವರ ಅನುಭವಕ್ಕೆ ಸ್ಥಾನವಿರಬೇಕು. ಅವರಿಗಿಂತ ಚೆನ್ನಾಗಿ ಬೀದಿಗಳನ್ನು ಬಲ್ಲವರು ಯಾರಿದ್ದಾರೆ? ನಾಲ್ಕನೆಯದು, ಈ ಪಟ್ಟಿಯನ್ನು ಬಳಸುವ ಲೈಬ್ರರಿಯನ್ನು ನಮ್ಮ ತಾಂತ್ರಿಕ ಕಾಲೇಜುಗಳು ಕಟ್ಟಿ ನಿರ್ವಹಿಸಲು ಸಣ್ಣ ಅನುದಾನ ದೊರೆಯಬೇಕು. ಕನ್ನಡದಲ್ಲಿ ಬರೆದ ವಿಳಾಸವನ್ನು ಅರ್ಥ ಮಾಡಿಕೊಳ್ಳುವ ತಂತ್ರಾಂಶವನ್ನು ಹೊರದೇಶದವರು ನಮಗಾಗಿ ಬರೆದುಕೊಡಲಿ ಎಂದು ಕಾಯುವುದು ತರವಲ್ಲ.

ಖಾಸಗಿತನದ ಆತಂಕ ನಿಜವಾದುದು. ಹೆಸರು, ಜಾತಿ, ಧರ್ಮದೊಂದಿಗೆ ಮನೆಯ ಸ್ಥಾನ ಸೇರಿದರೆ ಅದು ಗಲಭೆಕೋರರ ಕೈಗೆ ಆಯುಧವಾಗಬಲ್ಲದು. ಆದ್ದರಿಂದ ಸಮೀಕ್ಷೆಯ ಮಾಹಿತಿ ಗೋಪ್ಯವಾಗಿಯೇ ಇರಬೇಕು. ಪ್ರಕಟವಾಗುವ ಪಟ್ಟಿಯಲ್ಲಿ ಯಾರೊಬ್ಬರ ಹೆಸರೂ ಇರಕೂಡದು. ಅಷ್ಟೂ ಭಯವಾದರೆ ಮನೆಯ ಬದಲು ಬೀದಿಯ ತುಂಡನ್ನು, ಅದರಲ್ಲಿರುವ ಸಂಖ್ಯೆಗಳನ್ನು ಪ್ರಕಟಿಸಬಹುದು. ಅಮೆರಿಕ ಮೂರು ದಶಕಗಳಿಂದ ಹೀಗೆಯೇ ಎರಡನ್ನೂ ಸರಿದೂಗಿಸಿಕೊಂಡು ಬಂದಿದೆ. ಗೇಟಿನ ಮೇಲೆ ನಾವೇ ಬರೆಸಿರುವ ಸಂಖ್ಯೆ ಗುಟ್ಟಾಗಲಾರದು.

ಬೆಂಗಳೂರು 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾಗಿ ವಿಂಗಡಣೆಯಾಯಿತು. ವಾರ್ಡುಗಳ ಗಡಿ, ಹೆಸರುಗಳು ಬದಲಾಗುತ್ತಿರುವ ಕಾಲವಿದು. ಐದು ಪಾಲಿಕೆಗಳು ಐದು ಬಗೆಯ ಪಟ್ಟಿಗಳನ್ನು ಮಾಡಿಕೊಂಡರೆ ನನ್ನ ಮೇಜಿನ ಮೇಲಿನ ಮೂರು ಕಾಗದಗಳ ಗೊಂದಲ ಇನ್ನೊಂದು ತಲೆಮಾರಿಗೆ ಮುಂದುವರಿಯುತ್ತದೆ. ಒಂದೇ ಮಾದರಿಯ, ಮುಕ್ತವಾದ ಪಟ್ಟಿಯೊಂದಕ್ಕೆ ಈಗಲೇ ಒಪ್ಪಿಕೊಂಡರೆ ವೆಚ್ಚ ಅಲ್ಪ. ಇದಕ್ಕೆ ಶಂಕುಸ್ಥಾಪನೆ ಬೇಕಿಲ್ಲ, ಜಮೀನು ಬೇಕಿಲ್ಲ. ಬೇಕಾದುದು ಒಂದು ಸರ್ಕಾರಿ ಆದೇಶ, ಮತ್ತು ಕಡತದ ಅಂಚಿನಲ್ಲಿ ‘ಪರಿಶೀಲಿಸಿ ಮಂಡಿಸಿ’ ಎಂಬುದರ ಬದಲು ‘ಅನುಮೋದಿಸಿದೆ’ ಎಂದು ಬರೆಯುವ ಒಬ್ಬ ಅಧಿಕಾರಿ.